ಮೂರು ಮಳೆಗಾಲ ಕಂಡ ಮೂರು ಬ್ಯಾಂಡಿನ ರೇಡಿಯೋ

2022ರ ಜೂನ್ ಮೊದಲ ವಾರದಲ್ಲಿ, ಮಳೆ ಹಿಡಿಯುವ ಮುನ್ನ, ಮಡಿಕೇರಿಯ ಹಳೆಯ ರೇಡಿಯೋ ರಿಪೇರಿ ಅಂಗಡಿಯೊಂದರಲ್ಲಿ 2,150 ರೂಪಾಯಿ ಕೊಟ್ಟು ಮೂರು ಬ್ಯಾಂಡಿನ ಒಂದು ರೇಡಿಯೋ ಕೊಂಡೆ. ಮೀಡಿಯಂ ವೇವ್, ಶಾರ್ಟ್‌ವೇವ್, ಎಫ್‌ಎಂ ಮೂರೂ ಇರುವ, ಎರಡು ದೊಡ್ಡ ಟಾರ್ಚ್ ಸೆಲ್‌ಗಳಲ್ಲೂ ಮನೆಯ ಕರೆಂಟಿನಲ್ಲೂ ನಡೆಯುವ, ತಿರುಪು ತಿರುಗಿಸಿ ಮುಳ್ಳು ಸರಿಸುವ ಹಳೆಯ ಮಾದರಿಯ ಪೆಟ್ಟಿಗೆ ಅದು. ಕಂಪನಿಯ ಹೆಸರನ್ನು ಬರೆಯುತ್ತಿಲ್ಲ. ಇದೇ ಬೆಲೆಯ ನಾಲ್ಕೈದು ಕಂಪನಿಗಳ ಪೆಟ್ಟಿಗೆಗಳು ಒಳಗೆ ಹೆಚ್ಚುಕಡಿಮೆ ಒಂದೇ ಎಂದು ಅಂಗಡಿಯ ಹಿರಿಯರೇ ಬಿಚ್ಚಿ ತೋರಿಸಿದರು. ದಿನವೂ ಕೇಳಿ ಮೂರು ಮಳೆಗಾಲ ಕಳೆದ ಮೇಲೆ ಬರೆಯುತ್ತಿರುವ ವಿಮರ್ಶೆ ಇದು. ಅದರಲ್ಲಿ ಅರ್ಧ ಪೆಟ್ಟಿಗೆಯ ಬಗ್ಗೆ, ಉಳಿದರ್ಧ ಆ ಪೆಟ್ಟಿಗೆಯೊಳಗೆ ಏನು ಬರುತ್ತದೆ, ಏನು ಬರುವುದಿಲ್ಲ, ಬಾರದಂತೆ ತಡೆದವರು ಯಾರು ಎಂಬುದರ ಬಗ್ಗೆ. ಕಾಫಿ ಪುಡಿ ಮಾಡುವ ಮಿಷನ್ನನ್ನು ಹೊಗಳಿ, ಅದಕ್ಕೆ ಹಾಕಿದ ಬೀಜದ ಬಗ್ಗೆ ಸುಮ್ಮನಿರುವ ವಿಮರ್ಶೆ ಕೊಡಗಿನಲ್ಲಿ ಯಾರಿಗೂ ರುಚಿಸಲಾರದು.

ನಮ್ಮ ಮನೆ ಮಾದಾಪುರದ ಕಡೆಯ ಒಂದು ಇಳಿಜಾರಿನಲ್ಲಿದೆ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಕಡೆ ಗುಡ್ಡಗಳು ಜಾರಿದಾಗ ಮೊದಲು ಕರೆಂಟ್ ಹೋಯಿತು, ಆಮೇಲೆ ಮೊಬೈಲ್ ಟವರ್ ಸತ್ತಿತು, ಕೊನೆಗೆ ರಸ್ತೆ ಹೋಯಿತು. ಪಕ್ಕದ ಗುಡ್ಡದ ಮೇಲೆ ಏನಾಗಿದೆ ಎಂಬುದು ನಡೆದು ಬಂದವರ ಬಾಯಿಂದಷ್ಟೇ ತಿಳಿಯುತ್ತಿತ್ತು, ಮತ್ತು ಬಂದ ಪ್ರತಿಯೊಬ್ಬರೂ ಬೇರೆ ಬೇರೆ ಕಥೆ ತರುತ್ತಿದ್ದರು. ಅಂದು ಮನೆಯಲ್ಲಿ ಸೆಲ್ ಹಾಕಿ ಕೇಳುವ ಒಂದು ರೇಡಿಯೋ ಇರಲಿಲ್ಲ ಎಂಬ ಕೊರಗು ನಾಲ್ಕು ವರ್ಷ ಉಳಿದಿತ್ತು. ಹಾಗಾಗಿ ನಾನು ಈ ಪೆಟ್ಟಿಗೆಯನ್ನು ಕೊಂಡದ್ದು ಹಾಡಿಗಲ್ಲ, ಸುದ್ದಿಗೆ.

ಮೊದಲು ಯಂತ್ರದ ವಿಷಯ ಮುಗಿಸುತ್ತೇನೆ. ಮಡಿಕೇರಿ ಆಕಾಶವಾಣಿಯ 103.1 ಎಫ್‌ಎಂ ಮನೆಯ ಮುಂದಿನ ಅಂಗಳದಲ್ಲಿ ಗಾಜಿನಷ್ಟು ಸ್ಪಷ್ಟ. ಹಿಂದಿನ ಅಡುಗೆಮನೆಗೆ ತಂದರೆ ಗುಡ್ಡ ಅಡ್ಡ ಬಂದು ಗೊರಗೊರ ಸದ್ದು. ಎಫ್‌ಎಂ ಅಲೆಗಳು ಬೆಳಕಿನಂತೆ ನೆಟ್ಟಗೆ ಹೋಗುವುದರಿಂದ ಕಣಿವೆಯ ಮನೆಗಳಿಗೆ ಇದು ತಪ್ಪದ ತೊಂದರೆ, ಪೆಟ್ಟಿಗೆಯ ದೋಷವಲ್ಲ. ಆಂಟೆನಾದ ತುದಿಗೆ ಇಪ್ಪತ್ತು ಅಡಿ ತಾಮ್ರದ ತಂತಿ ಸಿಕ್ಕಿಸಿ ಸಿಲ್ವರ್ ಓಕ್ ಮರಕ್ಕೆ ಕಟ್ಟಿದ ಮೇಲೆ ರಾತ್ರಿ ಹೊತ್ತು ಕಣ್ಣೂರಿನ 101.5 ಕೂಡ ಸಿಗುತ್ತದೆ. ಸಿಡಿಲಿನ ಕಾಲದಲ್ಲಿ ತಂತಿಯನ್ನು ಬಿಚ್ಚಿಡುವುದನ್ನು ಮಾತ್ರ ಮರೆಯಬಾರದು. ಮೀಡಿಯಂ ವೇವ್‌ನಲ್ಲಿ ಬೆಂಗಳೂರಿನ 612, ಧಾರವಾಡದ 765 ಸಂಜೆಯ ಮೇಲೆ ಬರುತ್ತವೆ, ಆದರೆ ಎಲ್‌ಇಡಿ ಬಲ್ಬು, ಯುಪಿಎಸ್, ಮೊಬೈಲ್ ಚಾರ್ಜರ್‌ಗಳ ಕಿರಿಕಿರಿಯ ನಡುವೆ. ತಮಾಷೆಯೆಂದರೆ ಊರಿಡೀ ಕರೆಂಟ್ ಹೋದ ಕೂಡಲೇ ಮೀಡಿಯಂ ವೇವ್ ತೊಳೆದಿಟ್ಟಂತೆ ಸ್ವಚ್ಛವಾಗುತ್ತದೆ. ಬೇಕಾದ ಹೊತ್ತಿಗೇ ಒದಗುತ್ತದೆ ಎನ್ನಬೇಕು. ದಿನಕ್ಕೆ ಎರಡು ಗಂಟೆ ಕೇಳಿದರೆ ಸೆಲ್‌ಗಳು ಮೂರು ತಿಂಗಳು ಬಾಳುತ್ತವೆ. ಎರಡನೆಯ ಮಳೆಗಾಲದಲ್ಲಿ ಸೆಲ್ ಕೂರುವ ಸ್ಪ್ರಿಂಗ್‌ಗೆ ತುಕ್ಕು ಹಿಡಿಯಿತು, ಸ್ಪೀಕರಿನ ಮುಂದಿನ ಬಟ್ಟೆಗೆ ಬೂಷ್ಟು ಬಂತು. ಕಂಪನಿಯ ಸರ್ವಿಸ್ ಸೆಂಟರಿಗೆ ಮೂರು ಬಾರಿ ಫೋನ್ ಮಾಡಿ ಪ್ರಯೋಜನವಾಗದೆ, ಅದೇ ಹಿರಿಯರ ಅಂಗಡಿಗೆ ಕೊಂಡೊಯ್ದೆ. ಉಪ್ಪುಕಾಗದದಲ್ಲಿ ಉಜ್ಜಿ, ಹೊಸ ತಗಡು ಹಾಕಿ ಅರವತ್ತು ರೂಪಾಯಿ ತೆಗೆದುಕೊಂಡರು.

ಆ ಅಂಗಡಿಯ ಗೋಡೆಗೆ ಹಳೆಯ ರೇಡಿಯೋ ಲೈಸೆನ್ಸಿನ ಒಂದು ಪುಸ್ತಕವನ್ನು ಮೊಳೆ ಹೊಡೆದು ತೂಗುಹಾಕಿದ್ದಾರೆ. ಒಂದು ಕಾಲಕ್ಕೆ ರೇಡಿಯೋ ಇಟ್ಟುಕೊಳ್ಳಬೇಕಾದರೆ ವರ್ಷಕ್ಕೊಮ್ಮೆ ಪೋಸ್ಟಾಫೀಸಿನಲ್ಲಿ ಹಣ ಕಟ್ಟಿ ಪುಸ್ತಕಕ್ಕೆ ಮುದ್ರೆ ಒತ್ತಿಸಿಕೊಳ್ಳಬೇಕಾಗಿತ್ತು. ಎಂಬತ್ತರ ದಶಕದಲ್ಲಿ ಅದು ನಿಂತಿತು. ಕೇಳುವವನಿಗೆ ಅನುಮತಿ ಬೇಕಾಗಿದ್ದ ಕಾಲ ಹೋಯಿತು, ಆದರೆ ಸುದ್ದಿ ಹೇಳುವವನಿಗೆ ಅನುಮತಿಯೇ ಇಲ್ಲದ ಕಾಲ ಇನ್ನೂ ಹೋಗಿಲ್ಲ. ಭಾರತದಲ್ಲಿ ಖಾಸಗಿ ಎಫ್‌ಎಂ ಆರಂಭವಾದದ್ದು 2001ರಲ್ಲಿ, ಬೆಂಗಳೂರಿನಿಂದ. ಅಂದಿನಿಂದ ಇಂದಿನವರೆಗೆ ಯಾವ ಖಾಸಗಿ ಎಫ್‌ಎಂ ಕೇಂದ್ರವಾಗಲಿ ಸಮುದಾಯ ಬಾನುಲಿಯಾಗಲಿ ತನ್ನದೇ ವರದಿಗಾರನನ್ನಿಟ್ಟು ತನ್ನದೇ ಸುದ್ದಿ ಓದುವಂತಿಲ್ಲ. 2011ರ ಮೂರನೇ ಹಂತದ ನೀತಿ ಕೊಟ್ಟ ಸಡಿಲಿಕೆಯೆಂದರೆ ಆಕಾಶವಾಣಿಯ ವಾರ್ತೆಯನ್ನು ಒಂದಕ್ಷರ ಬದಲಿಸದೆ ಮರುಪ್ರಸಾರ ಮಾಡಬಹುದು ಎಂಬುದಷ್ಟೇ. ಇಪ್ಪತ್ತನಾಲ್ಕು ಗಂಟೆ ಕೂಗಾಡುವ ಟಿವಿ ವಾಹಿನಿಗಳಿಗೆ ಇಲ್ಲದ ಈ ನಿರ್ಬಂಧ, ಸೆಲ್ ಹಾಕಿ ಕೇಳುವ ಬಡವರ ಪೆಟ್ಟಿಗೆಗೆ ಮಾತ್ರ ಏಕೆ ಎಂಬ ಪ್ರಶ್ನೆಗೆ ಭದ್ರತೆಯ ಕಾರಣ ಕೊಡುವುದು ರೂಢಿ.

ಅದೇ ನೀತಿಯಲ್ಲಿ ಇನ್ನೊಂದು ಅಂಶವಿದೆ. ಕೊಡಗಿನವರು ಅದನ್ನು ಎರಡು ಬಾರಿ ಓದಬೇಕು. ಹವಾಮಾನ, ಸಂಚಾರ, ನೀರು ಮತ್ತು ವಿದ್ಯುತ್ ಪೂರೈಕೆ, ಸ್ಥಳೀಯ ಆಡಳಿತ ಕೊಟ್ಟ ಪ್ರಕೃತಿ ವಿಕೋಪದ ಮಾಹಿತಿ, ಇವೆಲ್ಲ ಸುದ್ದಿಯಲ್ಲ ಎಂದು ನೀತಿ ಹೇಳುತ್ತದೆ, ಆದ್ದರಿಂದ ಖಾಸಗಿ ಕೇಂದ್ರಗಳು ಅವನ್ನು ಹೇಳಬಹುದು. ಅಂದರೆ ಗುಡ್ಡ ಕುಸಿದು ರಸ್ತೆ ಮುಚ್ಚಿದೆ ಎನ್ನುವುದು ಸುದ್ದಿಯಲ್ಲ. ಆ ಗುಡ್ಡದ ಬುಡವನ್ನು ಜೆಸಿಬಿಯಲ್ಲಿ ಕಡಿಯಲು ಅನುಮತಿ ಕೊಟ್ಟವರು ಯಾರು ಎಂದು ಕೇಳಿದ ಕ್ಷಣ ಅದು ಸುದ್ದಿಯಾಗಿಬಿಡುತ್ತದೆ. ಮೊದಲನೆಯದಕ್ಕೆ ತಲೆಯಾಡಿಸಿ ಎಚ್ಚರಿಕೆಯಿಂದಿರುವುದು ನಮ್ಮ ಕೆಲಸ, ಎರಡನೆಯದಕ್ಕೆ ಉತ್ತರ ಕೊಡುವುದು ಇನ್ನೊಬ್ಬರ ಕೆಲಸ. ಗೆರೆ ಎಳೆದಿರುವುದು ಸರಿಯಾಗಿ ಈ ಎರಡರ ಮಧ್ಯೆ.

ಇಷ್ಟು ಹೇಳಿದ ಮೇಲೆ ಆಕಾಶವಾಣಿಗೆ ನ್ಯಾಯ ಸಲ್ಲಿಸದಿದ್ದರೆ ತಪ್ಪಾಗುತ್ತದೆ. ಈ ಪೆಟ್ಟಿಗೆಯಲ್ಲಿ ನಾನು ಅತಿ ಹೆಚ್ಚು ಕೇಳುವುದು ಮಡಿಕೇರಿ ಕೇಂದ್ರವನ್ನೇ. ಕೊಡವ ಭಾಷೆಯ, ಅರೆಭಾಷೆಯ ಕಾರ್ಯಕ್ರಮಗಳನ್ನು ಬೇರೆ ಯಾವ ಕೇಂದ್ರ ಕೊಡುತ್ತದೆ? ವಾರ್ತೆ ಓದುವವರ ಉಚ್ಚಾರ ಶುದ್ಧ, ಧ್ವನಿಯಲ್ಲಿ ಆತಂಕ ಬೆರೆಸುವುದಿಲ್ಲ, ಓದಿದ ಅಂಕಿಅಂಶ ಮರುದಿನದ ಪತ್ರಿಕೆಯಲ್ಲಿ ಸುಳ್ಳಾದದ್ದು ನನ್ನ ನೆನಪಿನಲ್ಲಿಲ್ಲ. ಬೆಳಿಗ್ಗೆ 6.55ಕ್ಕೆ ಬರುವ ಸಂಸ್ಕೃತ ವಾರ್ತೆಯನ್ನು ಅರ್ಥವಾಗದಿದ್ದರೂ ಕೇಳುವ ಅಭ್ಯಾಸ ನನಗಿದೆ, ಅದು ಬೇರೆ ಮಾತು. ನನ್ನ ತಕರಾರು ಹೇಳಿದ್ದರ ಮೇಲೆ ಅಲ್ಲ. ಸಚಿವರು ಎಲ್ಲಿ ಏನು ಉದ್ಘಾಟಿಸಿದರು ಎಂಬುದು ಹತ್ತು ನಿಮಿಷದಲ್ಲಿ ಆರು ನಿಮಿಷ ತೆಗೆದುಕೊಂಡಾಗ, ಉಳಿದ ನಾಲ್ಕು ನಿಮಿಷದಲ್ಲಿ ಜಾಗ ಸಿಗದೆ ಹೋದದ್ದು ಏನು ಎಂದು ಕೇಳುಗನಿಗೆ ತಿಳಿಯುವ ದಾರಿಯೇ ಇಲ್ಲ. ಆಕಾಶವಾಣಿಯನ್ನು ಸ್ವಾಯತ್ತ ಸಂಸ್ಥೆಯ ಕೈಗೆ ಕೊಡುವ ಪ್ರಸಾರ ಭಾರತಿ ಕಾಯ್ದೆ 1990ರಲ್ಲಿ ಬಂತು, 1997ರಲ್ಲಿ ಜಾರಿಯಾಯಿತು. 1995ರಲ್ಲಿ ಸುಪ್ರೀಂ ಕೋರ್ಟ್ ಅಲೆಗಳು ಸಾರ್ವಜನಿಕರ ಸ್ವತ್ತು ಎಂದಿತು. ಸ್ವತ್ತು ನಮ್ಮದು, ಬೀಗದ ಕೈ ಮಾತ್ರ ಈಗಲೂ ದೆಹಲಿಯಲ್ಲಿದೆ. ಇದರಲ್ಲಿ ಒಂದು ವಿಪರ್ಯಾಸವೂ ಇದೆ: ಆಕಾಶವಾಣಿ ಎಂಬ ಹೆಸರು ಹುಟ್ಟಿದ್ದು ಸರ್ಕಾರದಲ್ಲಲ್ಲ, 1935ರಲ್ಲಿ ಪ್ರೊಫೆಸರ್ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಲ್ಲಿ ಆರಂಭಿಸಿದ ಖಾಸಗಿ ಕೇಂದ್ರದಲ್ಲಿ.

ಬಿಟ್ಟದ್ದು ಕೇಳಿಸುವುದಿಲ್ಲ ಎಂಬುದು ರೇಡಿಯೋದ ಹುಟ್ಟುಗುಣ. ಪತ್ರಿಕೆಯಲ್ಲಿ ಹಾಗಲ್ಲ. 1975ರ ಜೂನ್ 25ರ ರಾತ್ರಿ ತುರ್ತು ಪರಿಸ್ಥಿತಿ ಘೋಷಣೆಯಾದಾಗ ದೆಹಲಿಯ ಬಹಾದ್ದೂರ್ ಷಾ ಜಫರ್ ಮಾರ್ಗದ ಪತ್ರಿಕಾ ಕಚೇರಿಗಳಿಗೆ ವಿದ್ಯುತ್ ಕಡಿತ ಮಾಡಲಾಯಿತು. 28ರಂದು ಇಂಡಿಯನ್ ಎಕ್ಸ್‌ಪ್ರೆಸ್ ಸಂಪಾದಕೀಯದ ಜಾಗವನ್ನು ಖಾಲಿ ಬಿಟ್ಟು ಹೊರಬಂತು. ಆ ಖಾಲಿ ಜಾಗ ಓದುಗನ ಕಣ್ಣಿಗೆ ಬಿತ್ತು, ಇಲ್ಲಿ ಏನನ್ನೋ ತಡೆಯಲಾಗಿದೆ ಎಂದು ಅಕ್ಷರವಿಲ್ಲದೆಯೇ ಹೇಳಿತು. ಹಾಗಾಗಿಯೇ ಖಾಲಿ ಜಾಗ ಬಿಡುವುದನ್ನೂ ಸೆನ್ಸಾರ್ ಅಧಿಕಾರಿಗಳು ನಿಷೇಧಿಸಿದರು. ಟೈಮ್ಸ್ ಆಫ್ ಇಂಡಿಯಾದ ಮರಣವಾರ್ತೆಯ ಕಾಲಂನಲ್ಲಿ ಡೆಮಾಕ್ರಸಿ ತೀರಿಕೊಂಡ ಸುದ್ದಿಯನ್ನು ಯಾರೋ ಒಬ್ಬ ವ್ಯಕ್ತಿಯ ಹೆಸರಿನಂತೆ ಕಾಣುವ ಹಾಗೆ ಅಕ್ಷರಗಳನ್ನು ಒಡೆದು ಅಚ್ಚು ಹಾಕಿಸಿದ್ದು ಅದೇ ದಿನಗಳಲ್ಲಿ. 1976ರ ಫೆಬ್ರವರಿಯಲ್ಲಿ ನಾಲ್ಕು ಸುದ್ದಿಸಂಸ್ಥೆಗಳನ್ನು ಸೇರಿಸಿ ಸಮಾಚಾರ್ ಎಂಬ ಒಂದೇ ಸಂಸ್ಥೆ ಮಾಡಿದ ಮೇಲೆ ಇಂಥ ಚೇಷ್ಟೆಗಳಿಗೂ ಜಾಗ ಕಡಿಮೆಯಾಯಿತು. ಇಂದಿರಾ ಗಾಂಧಿ ಸರ್ಕಾರದ ಇಪ್ಪತ್ತು ಅಂಶದ ಕಾರ್ಯಕ್ರಮದ ಪ್ರಚಾರಕ್ಕೆ ಹಾಡಲು ಒಪ್ಪದ ಕಿಶೋರ್ ಕುಮಾರ್ ಅವರ ಹಾಡುಗಳು ಆಕಾಶವಾಣಿಯಿಂದ ಮಾಯವಾದವು. ಅದು ಕೇಳುಗರಿಗೆ ತಕ್ಷಣ ಗೊತ್ತಾಯಿತು, ಏಕೆಂದರೆ ಹಾಡಿಗಾಗಿ ಕಾಯುವವರಿದ್ದರು.

ನಮ್ಮಪ್ಪ ಆಗ ಸುಂಟಿಕೊಪ್ಪದ ಹತ್ತಿರದ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಲೆಕ್ಕ ಬರೆಯುವ ಗುಮಾಸ್ತ, ಆಗಿದ್ದರು. ರಾತ್ರಿ ಲೆಕ್ಕದ ಪುಸ್ತಕ ಒಪ್ಪಿಸಲು ಬಂಗಲೆಗೆ ಹೋದಾಗ ಧಣಿಗಳು ಸದ್ದು ತಗ್ಗಿಸಿ ಬಿಬಿಸಿ ಕೇಳುತ್ತಿದ್ದರಂತೆ, ಅಪ್ಪ ಬಾಗಿಲ ಬಳಿ ನಿಂತು ಅರ್ಧಂಬರ್ಧ ಕೇಳಿಸಿಕೊಳ್ಳುತ್ತಿದ್ದರಂತೆ. ದೆಹಲಿಯ ತುರ್ಕ್‌ಮನ್ ಗೇಟಿನಲ್ಲಿ ಮನೆ ಕೆಡವಿದ್ದು, ಉತ್ತರದ ಹಳ್ಳಿಗಳಲ್ಲಿ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿದ್ದು ಅವರಿಗೆ ತಿಳಿದದ್ದು ಹಾಗೆ, ಇಲ್ಲವೇ 1977ರ ನಂತರ. ತೋಟದ ಕೂಲಿಕಾರರಿದ್ದ ಲೈನ್ ಮನೆಯವರಿಗೆ ತಿಳಿಯಲೇ ಇಲ್ಲ. "ನಮಗೇನಾಗಿತ್ತು ಹೇಳು, ರೈಲು ಹೊತ್ತಿಗೆ ಸರಿಯಾಗಿ ಬರ್ತಿತ್ತು ಅಂತ ಎಲ್ಲ ಹೇಳೋರು, ಕೊಡಗಿಗೆ ರೈಲೇ ಇಲ್ಲ" ಎಂದು ಅಪ್ಪ ನಗುತ್ತಿದ್ದರು. ಆ ನಗು ನನಗೆ ಬಹಳ ಕಾಲ ಅರ್ಥವಾಗಿರಲಿಲ್ಲ.

1977ರ ಮಾರ್ಚ್ ಚುನಾವಣೆಯ ಫಲಿತಾಂಶವನ್ನು ಪಕ್ಕಪಕ್ಕ ಇಟ್ಟು ನೋಡಿದಾಗ ಅದು ಅರ್ಥವಾಯಿತು. ಉತ್ತರ ಪ್ರದೇಶದ 85 ಸ್ಥಾನಗಳಲ್ಲೂ ಬಿಹಾರದ 54 ಸ್ಥಾನಗಳಲ್ಲೂ ಕಾಂಗ್ರೆಸ್‌ಗೆ ಒಂದೂ ಸಿಗಲಿಲ್ಲ. ಕರ್ನಾಟಕದ 28ರಲ್ಲಿ 26 ಸಿಕ್ಕಿದವು. ಆಗ ಮಂಗಳೂರು ಕ್ಷೇತ್ರಕ್ಕೆ ಸೇರಿದ್ದ ಕೊಡಗಿನಿಂದಲೂ ಗೆದ್ದವರು ಕಾಂಗ್ರೆಸ್ಸಿನ ಜನಾರ್ದನ ಪೂಜಾರಿಯವರೇ. ಇದಕ್ಕೆ ಸೆನ್ಸಾರ್ ಒಂದೇ ಕಾರಣ ಎಂದರೆ ಅದು ಅನ್ಯಾಯದ ಮಾತು. ದೇವರಾಜ ಅರಸರ ಭೂಸುಧಾರಣೆ ಇತ್ತು, ದಕ್ಷಿಣದಲ್ಲಿ ದೌರ್ಜನ್ಯದ ಪ್ರಮಾಣವೇ ಕಡಿಮೆಯಿತ್ತು, ಎದುರು ನಿಂತ ಜನತಾ ಪಕ್ಷಕ್ಕೆ ಇಲ್ಲಿ ಬೇರಿರಲಿಲ್ಲ. ಆದರೂ ಒಂದು ಸಂಗತಿ ಎದ್ದು ಕಾಣುತ್ತದೆ: ತನ್ನ ಮೈಮೇಲೆ, ತನ್ನ ಅಂಗಳದಲ್ಲಿ ನಡೆದದ್ದನ್ನು ಯಾವ ಸೆನ್ಸಾರ್ ಕೂಡ ಒಬ್ಬ ಮತದಾರನಿಂದ ಮುಚ್ಚಿಡಲಾರದು, ಅದು ಮುಚ್ಚಿಡಬಲ್ಲದ್ದು ಇನ್ನೊಬ್ಬರ ಅಂಗಳವನ್ನು. ಉತ್ತರದ ರೈತನಿಗೆ ಪತ್ರಿಕೆ ಬೇಕಾಗಿರಲಿಲ್ಲ, ಅವನಿಗೆ ಗೊತ್ತಿತ್ತು. ಸುಂಟಿಕೊಪ್ಪದ ಲೈನ್ ಮನೆಯವರಿಗೆ ಗೊತ್ತಾಗಬೇಕಾದರೆ ಒಂದು ಧ್ವನಿ ಎರಡು ಸಾವಿರ ಕಿಲೋಮೀಟರ್ ದಾಟಿ ಬರಬೇಕಾಗಿತ್ತು. ದೂರವನ್ನು ದಾಟಿಸುವುದಕ್ಕಾಗಿಯೇ ಹುಟ್ಟಿದ ಯಂತ್ರ ರೇಡಿಯೋ. ಆದ್ದರಿಂದಲೇ ಅಧಿಕಾರದ ಕಣ್ಣು ಮೊದಲು ಬೀಳುವುದು ಇದರ ಮೇಲೆ.

ಯಂತ್ರವನ್ನೇ ಸೆನ್ಸಾರ್ ಆಗಿ ತಯಾರಿಸಿದ ಉದಾಹರಣೆಗಳೂ ಇವೆ, ಮತ್ತು ಗ್ರಾಹಕ ವಿಮರ್ಶೆಯಲ್ಲಿ ಅವುಗಳಿಗೆ ಜಾಗ ಇರಬೇಕು. 1933ರಲ್ಲಿ ನಾಜಿ ಜರ್ಮನಿ 76 ಮಾರ್ಕ್ ಬೆಲೆಯ 'ಜನರ ರೇಡಿಯೋ' ಹೊರತಂದಿತು. ಬೆಲೆ ಅಗ್ಗ, ನೋಟ ಚಂದ, ಶಾರ್ಟ್‌ವೇವ್ ಮಾತ್ರ ಇಲ್ಲ. ಹತ್ತಿರದ ಕೇಂದ್ರ ಚೆನ್ನಾಗಿ ಕೇಳಿಸಬೇಕು, ದೂರದ್ದು ಕಷ್ಟಪಟ್ಟರಷ್ಟೇ ಸಿಗಬೇಕು ಎಂಬಂಥ ರಚನೆ. 1939ರಲ್ಲಿ ಯುದ್ಧ ಶುರುವಾದ ದಿನವೇ ಪರದೇಶದ ಕೇಂದ್ರ ಕೇಳುವುದು ಅಪರಾಧವಾಯಿತು, ಹಾಗೆಂದು ನೆನಪಿಸುವ ಚೀಟಿಯನ್ನು ರೇಡಿಯೋದ ತಿರುಪಿಗೇ ತೂಗುಹಾಕಲಾಯಿತು. ಉತ್ತರ ಕೊರಿಯಾದ ರೇಡಿಯೋಗಳಲ್ಲಿ ಮುಳ್ಳು ಅಲುಗಾಡದಂತೆ ಸರ್ಕಾರಿ ಕೇಂದ್ರಕ್ಕೆ ಬಂಧಿಸಿ ಸೀಲು ಮಾಡಿರುತ್ತಾರೆ. ನನ್ನ ಪೆಟ್ಟಿಗೆಯ ಮುಳ್ಳು ಎಲ್ಲಿಗೆ ಬೇಕಾದರೂ ಸರಿಯುತ್ತದೆ. ತುಸು ಹೆಚ್ಚೇ ಸರಿಯುತ್ತದೆ ಎನ್ನಬೇಕು, ತಿರುಪು ಸಡಿಲ, ಒಂದು ಗಂಟೆ ಬಿಟ್ಟರೆ ಕೇಂದ್ರ ತಾನಾಗಿ ಜಾರುತ್ತದೆ. ಅರ್ಧ ಅಂಕ ಅದಕ್ಕೆ ಕಳೆಯುತ್ತೇನೆ.

ಶಾರ್ಟ್‌ವೇವ್‌ನಲ್ಲಿ ಒಂದು ಜಾಗವನ್ನು ನಾನು ಆಗಾಗ ಭಕ್ತಿಯಿಂದ ತಡವುತ್ತೇನೆ. 1942ರಲ್ಲಿ ಮುಂಬಯಿಯಿಂದ ಉಷಾ ಮೆಹ್ತಾ ಮತ್ತು ಸಂಗಡಿಗರು ಗುಟ್ಟಾಗಿ ನಡೆಸಿದ ಕಾಂಗ್ರೆಸ್ ರೇಡಿಯೋ 42.34 ಮೀಟರ್‌ನಲ್ಲಿ ಬರುತ್ತಿತ್ತು. ಪತ್ರಿಕೆಗಳ ಬಾಯಿ ಕಟ್ಟಿದ್ದ ಆ ತಿಂಗಳುಗಳಲ್ಲಿ ಒಂದೂರಿನ ಚಳವಳಿಯ ಸುದ್ದಿಯನ್ನು ಇನ್ನೊಂದೂರಿಗೆ ಮುಟ್ಟಿಸಿದ್ದು ಅದು. ಪೊಲೀಸರಿಗೆ ಸಿಗದಂತೆ ಮನೆಯಿಂದ ಮನೆಗೆ ಯಂತ್ರ ಹೊತ್ತು ತಿರುಗಿ, ನವೆಂಬರ್‌ನಲ್ಲಿ ಸಿಕ್ಕಿಬಿದ್ದರು. ಈಗ ಆ ಜಾಗಕ್ಕೆ, ಅಂದರೆ ಸುಮಾರು 7.08 ಮೆಗಾಹರ್ಟ್ಸ್‌ಗೆ ಮುಳ್ಳು ತಂದರೆ ಹವ್ಯಾಸಕ್ಕಾಗಿ ಪರಸ್ಪರ ಮಾತಾಡುವ ಹ್ಯಾಮ್ ರೇಡಿಯೋದವರ ಮಾತು ಬಾತುಕೋಳಿಯ ಕೂಗಿನಂತೆ ಕೇಳಿಸುತ್ತದೆ, ಏಕೆಂದರೆ ಅದನ್ನು ಬಿಡಿಸಿ ಕೇಳಿಸುವ ಸೌಲಭ್ಯ ಈ ಬೆಲೆಯ ಪೆಟ್ಟಿಗೆಯಲ್ಲಿಲ್ಲ. ಬಿಬಿಸಿಯ ಹಿಂದಿ ಶಾರ್ಟ್‌ವೇವ್ ಪ್ರಸಾರ 2020ರ ಜನವರಿ 31ಕ್ಕೆ ನಿಂತುಹೋಯಿತು. ರಾತ್ರಿ ಒಂಬತ್ತರ ಮೇಲೆ ನಮ್ಮ ಸಿಲ್ವರ್ ಓಕ್ ಮರಕ್ಕೆ ಎಲ್ಲಕ್ಕಿಂತ ಗಟ್ಟಿಯಾಗಿ ಬಂದು ತಾಗುವುದು ಚೀನಾ ರೇಡಿಯೋದ ಹಿಂದಿ. ಶಾರ್ಟ್‌ವೇವ್‌ಗೆಂದೇ ಹೆಚ್ಚು ಹಣ ಕೊಡುವವರು ಈ ಸಂಗತಿ ತಿಳಿದು ಕೊಡಲಿ.

ಚೀನಾದ ಮಾತು ಬಂದದ್ದರಿಂದ ಹೇಳುತ್ತೇನೆ. ಯುಯು ಚೆನ್ ಮತ್ತು ಡೇವಿಡ್ ಯಾಂಗ್ ಎಂಬ ಅರ್ಥಶಾಸ್ತ್ರಜ್ಞರು ಬೀಜಿಂಗ್‌ನ ವಿಶ್ವವಿದ್ಯಾಲಯ ವಿದ್ಯಾರ್ಥಿಗಳಿಗೆ ಸರ್ಕಾರದ ತಡೆಯನ್ನು ದಾಟುವ ಸಾಧನವನ್ನು ಉಚಿತವಾಗಿ ಕೊಟ್ಟು ನೋಡಿದರು. 2019ರಲ್ಲಿ ಪ್ರಕಟವಾದ ಅವರ ಅಧ್ಯಯನದ ಪ್ರಕಾರ, ಬೀಗದ ಕೈ ಕೊಟ್ಟರೂ ಅರ್ಧದಷ್ಟು ಜನ ಬಾಗಿಲು ತೆರೆಯಲಿಲ್ಲ, ತೆರೆದವರಲ್ಲೂ ಪರದೇಶದ ಸುದ್ದಿ ಓದಿದವರು ವಿರಳ. ಕೆಲವು ತಿಂಗಳು ಸಣ್ಣ ಬಹುಮಾನ ಕೊಟ್ಟು ಓದಿಸಿದ ಮೇಲೆ ಮಾತ್ರ ಹಸಿವು ಹುಟ್ಟಿತು, ಬಹುಮಾನ ನಿಂತರೂ ಅವರು ಓದುತ್ತಲೇ ಇದ್ದರು. ಗ್ಯಾರಿ ಕಿಂಗ್ ಮತ್ತು ಸಹೋದ್ಯೋಗಿಗಳ 2013ರ ಅಧ್ಯಯನ ಇನ್ನೂ ಸೂಕ್ಷ್ಮ: ಚೀನಾದ ಸೆನ್ಸಾರ್ ಸರ್ಕಾರವನ್ನು ಬೈದ ಬರಹಗಳನ್ನು ಬಹುಪಾಲು ಬಿಟ್ಟುಬಿಡುತ್ತದೆ, ಜನ ಒಟ್ಟುಗೂಡುವ ಸಾಧ್ಯತೆಯಿರುವ ಬರಹಗಳನ್ನು ಅಳಿಸುತ್ತದೆ. ನೀನು ನಿನ್ನ ಅಂಗಳದಲ್ಲಿ ಎಷ್ಟು ಬೇಕಾದರೂ ಬೈಯಬಹುದು, ಪಕ್ಕದವನೂ ಬೈಯುತ್ತಿದ್ದಾನೆ ಎಂದು ಗೊತ್ತಾಗಬಾರದು ಅಷ್ಟೇ. ಭಿನ್ನಮತ ಸಾಯುವುದಿಲ್ಲ, ಒಬ್ಬೊಬ್ಬರ ಗೊಣಗಾಟವಾಗಿ ಉಳಿದುಬಿಡುತ್ತದೆ.

ಹಸಿವಿನ ಮಾತಿಗೆ ನಮ್ಮ ಆಕಾಶವಾಣಿಯ ಚರಿತ್ರೆಯಲ್ಲೂ ಸಾಕ್ಷಿಯಿದೆ. ಐವತ್ತರ ದಶಕದಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಸಚಿವರಾಗಿದ್ದಾಗ ಸಿನಿಮಾ ಹಾಡುಗಳನ್ನು ಹೆಚ್ಚುಕಡಿಮೆ ಹೊರಗಿಟ್ಟರು. ದೇಶಕ್ಕೆ ದೇಶವೇ ಮುಳ್ಳು ತಿರುಗಿಸಿ ರೇಡಿಯೋ ಸಿಲೋನ್‌ಗೆ ಹೋಯಿತು. ಕೊನೆಗೆ 1957ರಲ್ಲಿ ವಿವಿಧ ಭಾರತಿ ಆರಂಭಿಸಿ ಕೇಳುಗರನ್ನು ಮರಳಿ ಕರೆತರಬೇಕಾಯಿತು. ಹಾಡಿಗಾಗಿ ಸಮುದ್ರ ದಾಟಿದ ಅದೇ ಜನ ಸುದ್ದಿಗಾಗಿ ಅಷ್ಟು ದೂರ ಹೋದದ್ದು ಕಡಿಮೆ. ಪೂರ್ವ ಜರ್ಮನಿಯ ಡ್ರೆಸ್ಡೆನ್ ಸುತ್ತಲಿನ ಕಣಿವೆಗೆ ಪಶ್ಚಿಮದ ಟಿವಿ ಸಿಗುತ್ತಿರಲಿಲ್ಲ, ಅದನ್ನು ಏನೂ ಅರಿಯದವರ ಕಣಿವೆ ಎಂದು ಗೇಲಿ ಮಾಡುತ್ತಿದ್ದರು. ಪಶ್ಚಿಮದ ಟಿವಿ ಸಿಗುತ್ತಿದ್ದವರೇ ಹೆಚ್ಚು ಬಂಡೆದ್ದಿರಬೇಕು ಎಂದು ಊಹಿಸಿದರೆ, ಕೆರ್ನ್ ಮತ್ತು ಹೈನ್‌ಮ್ಯುಲರ್ ಅವರ 2009ರ ಸಂಶೋಧನೆ ಉಲ್ಟಾ ಹೇಳುತ್ತದೆ: ಧಾರಾವಾಹಿ, ಮನರಂಜನೆ ನೋಡಿ ಸಂಜೆ ಕಳೆಯುತ್ತಿದ್ದವರೇ ತಮ್ಮ ಸರ್ಕಾರದ ಬಗ್ಗೆ ಹೆಚ್ಚು ಸಮಾಧಾನದಿಂದಿದ್ದರು. ಅಡುಗೆಮನೆಯಲ್ಲಿ ಎಫ್‌ಎಂ ಸಿಗದ ನಮ್ಮ ಕಣಿವೆಯ ಬಗ್ಗೆ ಇನ್ನು ಮುಂದೆ ನಾನು ಅಷ್ಟೊಂದು ದೂರುವುದಿಲ್ಲ.

ದೂರದ ದೇಶಗಳೇಕೆ, ಪಶ್ಚಿಮ ಘಟ್ಟದ ವರದಿಯ ಕಥೆ ಸಾಕು. ಮಾಧವ ಗಾಡ್ಗೀಳ್ ಅವರ ಸಮಿತಿ 2011ರ ಆಗಸ್ಟ್ ಕೊನೆಯಲ್ಲಿ ಕೇಂದ್ರ ಪರಿಸರ ಸಚಿವಾಲಯಕ್ಕೆ ವರದಿ ಒಪ್ಪಿಸಿತು. ಸಚಿವಾಲಯ ಅದನ್ನು ಹೊರಗೆ ಬಿಡಲಿಲ್ಲ. ಮಾಹಿತಿ ಹಕ್ಕಿನಡಿ ಕೇಳಿದಾಗ ನಿರಾಕರಿಸಿತು, ಕೇಂದ್ರ ಮಾಹಿತಿ ಆಯೋಗ ಕೊಡಿ ಎಂದಾಗ ದೆಹಲಿ ಹೈಕೋರ್ಟಿಗೆ ಹೋಯಿತು, ಅಲ್ಲೂ ಸೋತು 2012ರ ಮೇ ತಿಂಗಳಲ್ಲಿ ಪ್ರಕಟಿಸಿತು. ಆ ಒಂಬತ್ತು ತಿಂಗಳು ಕೊಡಗಿನಲ್ಲಿ ಏನಾಯಿತು ಎಂಬುದಕ್ಕೆ ನಾನೇ ಸಾಕ್ಷಿ. ಮೂಲ ಸಿಗದ ವರದಿಯ ಬಗ್ಗೆ ಅಭಿಪ್ರಾಯ ಇಲ್ಲದವರೇ ಇರಲಿಲ್ಲ: ದನ ಕಟ್ಟುವಂತಿಲ್ಲವಂತೆ, ಮನೆಗೆ ಸುಣ್ಣ ಹೊಡೆಯಲೂ ಅನುಮತಿ ಬೇಕಂತೆ, ತೋಟ ಬಿಟ್ಟು ಏಳಬೇಕಂತೆ. ಸಂತೆಯಲ್ಲಿ, ಬಸ್ಸಿನಲ್ಲಿ, ಮದುವೆಮನೆಯಲ್ಲಿ ಎಲ್ಲ ಕಡೆ ಈ ಅಂತೆ ಹಬ್ಬಿತ್ತು. ಗ್ರಾಮಸಭೆಗಳ ಅಭಿಪ್ರಾಯವೇ ನಿರ್ಣಾಯಕವಾಗಬೇಕು ಎಂದು ವಾದಿಸಿದ್ದ ವರದಿಯೊಂದು, ಗ್ರಾಮಗಳ ಶತ್ರುವೆಂಬ ಹೆಸರು ಹೊತ್ತೇ ಹೊರಬಂತು. ಅದರ ಶಿಫಾರಸುಗಳನ್ನು ವಿರೋಧಿಸಲು ನಮ್ಮ ಬೆಳೆಗಾರರಿಗೆ ನ್ಯಾಯವಾದ ಕಾರಣಗಳೂ ಇದ್ದವು, ನನಗೂ ಒಂದೆರಡು ಇವೆ. ಆದರೆ ಓದಿ ವಿರೋಧಿಸುವುದಕ್ಕೂ ಮುಚ್ಚಿಟ್ಟದ್ದನ್ನು ಹೆದರಿ ವಿರೋಧಿಸುವುದಕ್ಕೂ ವ್ಯತ್ಯಾಸವಿದೆ. ಆ ಹೆದರಿಕೆ ಗಾಡ್ಗೀಳ್ ವರದಿಯನ್ನು ಮರುಪರಿಶೀಲಿಸಿದ ಕಸ್ತೂರಿರಂಗನ್ ವರದಿ ಬಂದಾಗಲೂ, ಘಟ್ಟದ ಪರಿಸರ ಸೂಕ್ಷ್ಮ ಪ್ರದೇಶವನ್ನು ಗುರುತಿಸುವ ಕರಡು ಅಧಿಸೂಚನೆಗಳು ಒಂದರ ಹಿಂದೆ ಒಂದು ಬಂದಾಗಲೂ ಇಳಿಯಲಿಲ್ಲ. 2024ರ ಜುಲೈ 30ರ ಬೆಳಿಗ್ಗೆ ವಯನಾಡಿನ ಭೂಕುಸಿತದ ಸುದ್ದಿಯನ್ನು ನಾನು ಈ ಪೆಟ್ಟಿಗೆಯಲ್ಲೇ, ಕಣ್ಣೂರು ಕೇಂದ್ರದ ಮಲಯಾಳದಲ್ಲಿ, ಮೊದಲು ಕೇಳಿದೆ. ಆರನೆಯ ಕರಡು ಹೊರಬಿದ್ದದ್ದು ಮರುದಿನ.

ಮೊಬೈಲ್ ಇರುವಾಗ ರೇಡಿಯೋ ಏಕೆ ಎಂದು ಮಗ ಕೇಳುತ್ತಾನೆ. ಅವನ ಮೊಬೈಲಿನಲ್ಲಿ ಒಂದು ಬರಹ ಬೆಳಿಗ್ಗೆ ಇದ್ದು ಸಂಜೆ ಇಲ್ಲದಿರಬಹುದು. ಮಾಹಿತಿ ತಂತ್ರಜ್ಞಾನ ಕಾಯ್ದೆಯ 69ಎ ವಿಧಿಯಡಿ ತಡೆಯುವ ಆದೇಶಗಳನ್ನು ಗೌಪ್ಯವಾಗಿಡಬೇಕೆಂದು 2009ರ ನಿಯಮಗಳೇ ಹೇಳುತ್ತವೆ. ಅಂಥ ಆದೇಶಗಳನ್ನು ಪ್ರಶ್ನಿಸಿ ಟ್ವಿಟರ್ ಸಂಸ್ಥೆ ಸಲ್ಲಿಸಿದ್ದ ಅರ್ಜಿಯನ್ನು ನಮ್ಮ ಕರ್ನಾಟಕ ಹೈಕೋರ್ಟ್ 2023ರ ಜೂನ್‌ನಲ್ಲಿ 50 ಲಕ್ಷ ರೂಪಾಯಿ ದಂಡದೊಂದಿಗೆ ವಜಾ ಮಾಡಿತು. ಜಮ್ಮು ಕಾಶ್ಮೀರದಲ್ಲಿ 2019ರ ಆಗಸ್ಟ್‌ನಲ್ಲಿ ಕಡಿದ 4ಜಿ ಮರಳಿದ್ದು 2021ರ ಫೆಬ್ರವರಿಯಲ್ಲಿ. 1975ರ ಖಾಲಿ ಸಂಪಾದಕೀಯದಲ್ಲಿ ತೂತು ಕಾಣುತ್ತಿತ್ತು. ಮೊಬೈಲಿನಲ್ಲಿ ತೂತಿನ ಜಾಗಕ್ಕೆ ಕೂಡಲೇ ಇನ್ನೊಂದು ವಿಡಿಯೋ ಬಂದು ಕೂರುತ್ತದೆ. ರೇಡಿಯೋ ಮೇಲು ಎಂದು ನಾನು ವಾದಿಸುತ್ತಿಲ್ಲ. ಮಗನಿಗೆ ಸಿಗುವ ಹತ್ತು ಧ್ವನಿಗಳ ಎದುರು ನನಗೆ ಸಿಗುವುದು ಒಂದೂವರೆ.

ಒಟ್ಟಿನಲ್ಲಿ ಪೆಟ್ಟಿಗೆಗೆ ಐದರಲ್ಲಿ ಮೂರೂವರೆ ಕೊಡಬಹುದು. ಕಣಿವೆಯ ಮನೆಯವರು ಕೊಳ್ಳುವ ಮುನ್ನ ಅಂಗಡಿಯವರನ್ನು ಒಪ್ಪಿಸಿ ಒಂದು ದಿನ ಮನೆಗೆ ತಂದು ಕೇಳಿ ನೋಡುವುದು ಒಳ್ಳೆಯದು. ಮಳೆಗಾಲದಲ್ಲಿ ಬಳಸದಿರುವಾಗ ಸೆಲ್ ತೆಗೆದು, ಅಕ್ಕಿ ಡಬ್ಬದ ಪಕ್ಕ ಒಣಗಿದ ಜಾಗದಲ್ಲಿಡಬೇಕು. ಪೆಟ್ಟಿಗೆಯೊಳಗಿನ ಸುದ್ದಿಗೆ ಅಂಕ ಕೊಡಲು ಹೋಲಿಸಿ ನೋಡುವ ಇನ್ನೊಂದು ಕೇಂದ್ರ ಬೇಕು, ಅದು ಇಲ್ಲದ್ದರಿಂದ ಕೊಡುತ್ತಿಲ್ಲ.

ಕಳೆದ ತಿಂಗಳು ಇದೇ ಮಾದರಿಯ ಇನ್ನೊಂದನ್ನು ನಾಪೋಕ್ಲಿನಲ್ಲಿರುವ ದೊಡ್ಡಮ್ಮನಿಗೆ ಕೊಂಡೊಯ್ದೆ. ಅವರ ಮನೆಯಲ್ಲಿ ಮೊಮ್ಮಕ್ಕಳು ಬಹಳ. ಮೂರು ಬ್ಯಾಂಡನ್ನೂ ತಿರುಗಿಸಿ ತೋರಿಸಿ, ರಾತ್ರಿ ಎಲ್ಲೆಲ್ಲಿಯದು ಸಿಗುತ್ತದೆ ಎಂದು ವಿವರಿಸುತ್ತಿದ್ದವನನ್ನು ಅವರು ತಡೆದರು. "ಅದೆಲ್ಲ ನಂಗೆ ಬ್ಯಾಡ ಮಗ, ಮಡಿಕೇರಿ ಹಾಕಿ ಕೊಡು. ಈ ಮಕ್ಕಳು ತಿರುಗಿಸಿಬಿಟ್ರೆ ನಂಗೆ ಮತ್ತೆ ಸಿಗಲ್ಲ" ಎಂದರು. 103.1ಕ್ಕೆ ಮುಳ್ಳು ತಂದು ನಿಲ್ಲಿಸಿದೆ. ತಿರುಪು ಸಡಿಲವಿದ್ದದ್ದರಿಂದ ಅದು ಜಾರಬಾರದೆಂದು, ಅವರು ಕೊಟ್ಟ ಇನ್ಸುಲೇಷನ್ ಟೇಪನ್ನು ಎರಡು ಸುತ್ತು ಸುತ್ತಿಯೇ ಬಂದೆ.